ಮಗ್ಗದ ಊರಿನಲ್ಲಿ ಜಾಲತಾಣದ ಕಾಯಕ

ಹತ್ತನೆಯ ಇಯತ್ತೆಯ ಫಲಿತಾಂಶ ಪ್ರಕಟವಾಯಿತೆಂದರೆ ನಮ್ಮ ಅಕ್ಕಲಕೋಟ ಸೀಮೆಯ ಪಾಲಕರು ಶಾಲೆಯ ಕಟ್ಟೆಗೆ ಬಂದು ಕುಳಿತು ಕೇಳುವ ಪ್ರಶ್ನೆ ಒಂದೇ: “ಹುಡುಗನ್ನ ಮುಂದ ಯಾವುದಕ್ಕ ಹಚ್ಚೂಣ್ರೀ ಗುರುಗಳ?” ಈಚೆಗೆ ಆ ಪ್ರಶ್ನೆಯೊಡನೆ ಇನ್ನೊಂದು ಸೇರಿಕೊಂಡಿದೆ: “ಕಂಪ್ಯೂಟರದಾಗ ವೆಬ್‌ಸೈಟ್ ಮಾಡೂದು ಕಲಿತರ ಹೊಟ್ಟಿ ತುಂಬತದಂತ, ಖರೇ ಏನ್ರೀ?”

ಖರೆಯೇ. ಆದರೆ ಎಲ್ಲಿ, ಹೇಗೆ ಕಲಿತರೆ ಎಂಬುದನ್ನು ಮೊದಲು ವಿಚಾರಿಸಬೇಕು. ಸಾಲ ಮಾಡಿ ಖಾಸಗಿ ತರಗತಿಯೊಂದಕ್ಕೆ ಶುಲ್ಕ ತುಂಬಿದ ತಂದೆಯೊಬ್ಬರನ್ನು ನಾನು ಬಲ್ಲೆ. ಮಗನ ಕೈಗೆ ಬಣ್ಣದ ಪ್ರಮಾಣಪತ್ರ ಬಂದಿತು. ಆದರೆ ಅಂಗಡಿಕಾರನೊಬ್ಬನು ಒಂದು ಪುಟ ಮಾಡಿಕೊಡೆಂದಾಗ ಕೈ ಓಡಲಿಲ್ಲ. ಹುಡುಗನು ದಡ್ಡನಲ್ಲ. ಅವನಿಗೆ ಪಾಠ ದೊರೆತಿತ್ತು, ಕೆಲಸ ದೊರೆತಿರಲಿಲ್ಲ.

ಈ ಭೇದವನ್ನು ಸೊಲ್ಲಾಪುರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಚಾದರಗಳ ಮೇಲೆ ಹೂಬಳ್ಳಿ ಮೂಡಿಸುವ ಜಕಾರ್ಡ್ ಯಂತ್ರವನ್ನು ಫ್ರಾನ್ಸಿನ ಜೋಸೆಫ್ ಮರೀ ಜಕಾರ್ಡ್ ಎಂಬಾತನು 1804ರ ಸುಮಾರಿಗೆ ರೂಪಿಸಿದನು. ರಟ್ಟಿನ ಪಟ್ಟಿಯಲ್ಲಿ ತೂತು ಇದೆಯೋ ಇಲ್ಲವೋ ಎಂಬುದರ ಮೇಲೆ ಯಾವ ಎಳೆ ಏಳಬೇಕೆಂಬುದು ನಿಶ್ಚಯವಾಗುತ್ತದೆ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜರು 1830ರ ದಶಕದಲ್ಲಿ ತಮ್ಮ ಗಣನಯಂತ್ರದ ಯೋಜನೆಗೆ ಇದೇ ಪಟ್ಟಿಗಳನ್ನು ಆರಿಸಿಕೊಂಡರು. ಎಂದಮೇಲೆ ಗಣಕಯಂತ್ರವು ನಮ್ಮ ಮಗ್ಗಕ್ಕೆ ದೂರದ ನಂಟನೇ ಸರಿ. ಆ ಮಗ್ಗದ ವಿದ್ಯೆಯನ್ನು ಯಾರೂ ಪುಸ್ತಕದಿಂದ ಕಲಿಯಲಿಲ್ಲ. ಹಿರಿಯರ ಪಕ್ಕದಲ್ಲಿ ಕುಳಿತು, ಮೊದಲು ಕಂಡಿಕೆ ಸುತ್ತಿ, ಹರಿದ ಎಳೆಯನ್ನು ಗಂಟಿಕ್ಕಿ, ಅನಂತರ ಲಾಳಿ ಹಿಡಿದರು. ನಮ್ಮ ಅಧ್ಯಾಪಕ ತರಬೇತಿಯಲ್ಲಿಯೂ ಹಾಗೆಯೇ ಆಯಿತು. ಬೋಧನೆಯನ್ನು ನಮಗೆ ಕಲಿಸಿದ್ದು ಮನೋವಿಜ್ಞಾನದ ಗ್ರಂಥವಲ್ಲ. ಮಕ್ಕಳೆದುರು ನಿಂತು ಮಾಡಿದ ಅಭ್ಯಾಸಪಾಠ ಮತ್ತು ಅದರ ಕೆಳಗೆ ಗುರುಗಳು ಕೆಂಪು ಮಸಿಯಲ್ಲಿ ಬರೆದ ಟೀಕೆ.

ಜಾಲತಾಣದ ವಿದ್ಯೆಯೂ ಈ ಜಾತಿಯದೇ. ಟಿಮ್ ಬರ್ನರ್ಸ್-ಲೀ ಅವರು ಜಿನೀವಾದ ಸರ್ನ್ ಸಂಸ್ಥೆಯಲ್ಲಿ 1989ರಲ್ಲಿ ವಿಶ್ವಜಾಲದ ಯೋಜನೆಯನ್ನು ಮಂಡಿಸಿದರು. ಅದರ ಪುಟಕ್ಕೆ ಇಂದು ಮೂರು ಅಂಗಗಳು: ಎಚ್‌ಟಿಎಂಎಲ್ ಅದರ ಕಟ್ಟಡ, ಸಿಎಸ್‌ಎಸ್ ಅದರ ಬಣ್ಣ, ಅಳತೆ, ಜೋಡಣೆ, ಜಾವಾಸ್ಕ್ರಿಪ್ಟ್ ಅದರ ಚಲನೆ. ಇವುಗಳ ಪ್ರಾಥಮಿಕ ನಿಯಮಗಳು ಕೆಲವು ತಿಂಗಳ ಅಭ್ಯಾಸಕ್ಕೆ ವಶವಾಗುತ್ತವೆ. ಆದರೆ ಭಾರವಾದ ಚಿತ್ರದಿಂದಾಗಿ ಹಳ್ಳಿಯ ಮೊಬೈಲಿನಲ್ಲಿ ಪುಟ ತೆರೆಯದಿದ್ದರೆ ಏನು ಮಾಡಬೇಕು? ಗಿರಾಕಿ ಬೇಡಿಕೆ ತುಂಬಿದರೂ ಅಂಗಡಿಗೆ ಅದು ತಲುಪದಿದ್ದರೆ ದೋಷವನ್ನು ಎಲ್ಲಿ ಹುಡುಕಬೇಕು? ಇದು ಕೆಲಸದ ಸ್ಥಳದಲ್ಲಿ, ಬಲ್ಲವರ ಕಣ್ಣೆದುರು ಮಾತ್ರ ಕೈಗೂಡುವ ವಿದ್ಯೆ.

ಇದಕ್ಕೆ ಸರಕಾರದ ಮಾರ್ಗವೂ ಉಂಟು. ಹತ್ತನೆಯದು ಮುಗಿಸಿದವರಿಗೆ ಐಟಿಐಗಳಲ್ಲಿ ‘ಕಂಪ್ಯೂಟರ್ ಆಪರೇಟರ್ ಅಂಡ್ ಪ್ರೋಗ್ರಾಮಿಂಗ್ ಅಸಿಸ್ಟಂಟ್’ ಎಂಬ ಒಂದು ವರ್ಷದ ಶಿಕ್ಷಣವಿದ್ದು, ಜಾಲಪುಟ ರಚನೆಯೂ ಅದರಲ್ಲಿ ಸೇರಿದೆ. ಬಳಿಕ 1961ರ ಅಪ್ರೆಂಟಿಸ್ ಕಾಯದೆಯಂತೆ ‘ಶಿಕಾವೂ ಉಮೇದವಾರ’ನಾಗಿ ಸಂಸ್ಥೆಯೊಂದನ್ನು ಸೇರಬಹುದು. ಕಲಿಯುವವನಿಗೆ ತಿಂಗಳಿಗೆ ವಿದ್ಯಾವೇತನ ಸಲ್ಲುತ್ತದೆ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಯೋಜನೆಯಲ್ಲಿ ಅದರ ಶೇಕಡಾ 25ರಷ್ಟನ್ನು, 1,500 ರೂಪಾಯಿಗಳ ಮಿತಿಯೊಳಗೆ, ಕೇಂದ್ರವು ಭರಿಸುತ್ತದೆ. 2019ರ ತಿದ್ದುಪಡಿಯ ಮೇರೆಗೆ 30 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗಳು ಇಂಥವರನ್ನು ತೆಗೆದುಕೊಳ್ಳಲೇಬೇಕು. ನಾಲ್ಕರಿಂದ 29 ಜನರಿರುವ ಸಂಸ್ಥೆಗಳಿಗೆ ಅದು ಐಚ್ಛಿಕ.

ಆದರೆ ಪಾಲಕರು ಒಂದು ಮಾತನ್ನು ಮರೆಯಬಾರದು. ತರಬೇತಿ ಮುಗಿದ ಮೇಲೆ ನೌಕರಿ ಕೊಡಲೇಬೇಕೆಂಬ ಕಟ್ಟುಪಾಡು ಈ ಕಾಯದೆಯಲ್ಲಿ ಸಾಮಾನ್ಯವಾಗಿ ಇಲ್ಲ. ಆದುದರಿಂದ ಸೇರಿಸುವ ಮುನ್ನ ನಾಲ್ಕು ಸಂಗತಿ ಕೇಳಿರಿ: ಕರಾರುಪತ್ರ ನೋಂದಣಿಯಾಗುವುದೇ? ವಿದ್ಯಾವೇತನ ಬ್ಯಾಂಕ್ ಖಾತೆಗೆ ಬರುವುದೇ? ತಪ್ಪನ್ನು ತಿದ್ದುವ ಹಿರಿಯರು ಯಾರು? ಹುಡುಗ ಅಥವಾ ಹುಡುಗಿ ಮಾಡಿದ ಪುಟವನ್ನು ನಿಜವಾದ ಗಿರಾಕಿ ಬಳಸುವನೇ? ಚಹಾ ತರಿಸಿ, ಕಾಗದ ಹೊರಿಸಿ ವರ್ಷ ಕಳೆಯುವ ಸ್ಥಳವಾದರೆ ನಮಸ್ಕಾರ ಹೇಳಿ ಬನ್ನಿರಿ.

“ಕನ್ನಡ ಮಾಧ್ಯಮದಾಗ ಕಲಿತದ ಕೂಸು, ನಿಭಾಯಿಸತದೇನ್ರೀ?” ಎಂದು ತಾಯಂದಿರು ಕೇಳುತ್ತಾರೆ. ಇಂಗ್ಲಿಷಿನ ಪಾರಿಭಾಷಿಕ ಪದಗಳನ್ನು ಕಲಿಯಬೇಕಾಗುವುದು ನಿಜ. ಆದರೆ ಇಂಗ್ಲಿಷಿನ ಅಳತೆಗೆ ಸಾಲುಗಳ ನಡುವಿನ ಅಂತರವನ್ನಿಟ್ಟ ಪುಟದಲ್ಲಿ ಕನ್ನಡದ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ, ಕೆಲವೊಮ್ಮೆ ಅರ್ಧಕ್ಕೆ ಕತ್ತರಿಸಿಹೋಗುತ್ತವೆ. ಕನ್ನಡ ಓದಲು ಬಾರದವನ ಕಣ್ಣಿಗೆ ಅದು ಕಾಣುವುದೇ ಇಲ್ಲ. ನಮ್ಮ ಮಗುವಿಗೆ ಒಡನೆ ಕಾಣುತ್ತದೆ. ಸೊಲ್ಲಾಪುರದ ವ್ಯಾಪಾರಿಗೆ ಗಿರಾಕಿಗಳು ಮರಾಠಿ ಮಾತಾಡುವವರೂ ಹೌದು. ಇಂಡಿ, ಆಳಂದ, ಅಫಜಲಪುರದ ಕನ್ನಡಿಗರೂ ಹೌದು. ಎರಡೂ ಭಾಷೆಗಳಲ್ಲಿ ಪುಟವನ್ನು ತಪ್ಪಿಲ್ಲದೆ ಕಟ್ಟಬಲ್ಲವರು ಗಡಿಯ ಈ ಮಕ್ಕಳಲ್ಲದೆ ಮತ್ತಾರು?

ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ ಕರ್ಮಯೋಗಿಗಳು. ಅವರ ಊರಿನಲ್ಲಿ ಕೈ ಕೆಸರಾಗದೆ ವಿದ್ಯೆ ಬರಲೆಂದು ಬಯಸುವುದು ತರವಲ್ಲ. ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕುವ ಮೊದಲು, “ಮಗಾ, ನೀ ಮಾಡಿದ ಒಂದು ಪುಟ ತೋರಿಸು” ಎಂದು ಕೇಳಿರಿ.