ಹದಿನೈದು ವರ್ಷ ಪೂರೈಸಿದ ಸಣ್ಣ ಡೀಸೆಲ್ ಕಾರುಗಳ ನೋಂದಣಿ ನವೀಕರಣ: ಎಂಜಿನ್ ಕುರಿತು ಅರ್ಜಿದಾರರು ತಿಳಿದಿರಬೇಕಾದ ಅಂಶಗಳು

(ಶಿರಸಿ, ಸಿದ್ದಾಪುರ ಹಾಗೂ ಯಲ್ಲಾಪುರ ತಾಲ್ಲೂಕುಗಳ ವಾಹನ ಮಾಲೀಕರ ಗಮನಕ್ಕೆ)

ಮೋಟಾರು ವಾಹನಗಳ ಕಾಯ್ದೆ, 1988ರ 41ನೇ ಪ್ರಕರಣದಂತೆ ಸಾರಿಗೆಯೇತರ ವಾಹನದ ನೋಂದಣಿ ಪ್ರಮಾಣಪತ್ರವು 15 ವರ್ಷಗಳವರೆಗೆ ಊರ್ಜಿತದಲ್ಲಿರುತ್ತದೆ. ತದನಂತರ ಅದನ್ನು 5 ವರ್ಷಗಳ ಅವಧಿಗೆ ನವೀಕರಿಸಬಹುದಾಗಿದೆ. ಕೆಎ-31 ಸರಣಿಯಲ್ಲಿ ನೋಂದಣಿಯಾಗಿರುವ ಹಳೆಯ ಸಣ್ಣ ಡೀಸೆಲ್ ಕಾರುಗಳ ಮಾಲೀಕರು ಈ ಹಂತದಲ್ಲಿ ಎರಡು ಪ್ರಶ್ನೆಗಳನ್ನು ಎದುರಿಸುತ್ತಾರೆ. ವಾಹನವು ತಪಾಸಣೆಯಲ್ಲಿ ಉತ್ತೀರ್ಣವಾಗುವುದೇ ಎಂಬುದು ಮೊದಲನೆಯದು. ಅದರ ಮೇಲೆ ಇನ್ನೂ ಹಣ ತೊಡಗಿಸುವುದು ಸೂಕ್ತವೇ ಎಂಬುದು ಎರಡನೆಯದು. 2022ರ ಏಪ್ರಿಲ್ 1ರಿಂದ ಕಾರುಗಳ ನವೀಕರಣ ಶುಲ್ಕವು ರೂ. 600ರಿಂದ ರೂ. 5,000ಕ್ಕೆ ಏರಿದ ನಂತರ ಎರಡನೆಯ ಪ್ರಶ್ನೆಯು ಮೊದಲಿಗಿಂತ ಗಂಭೀರವಾಗಿದೆ.

ಈ ಭಾಗದಲ್ಲಿ ಬಳಕೆಯಲ್ಲಿರುವ ಹಳೆಯ ಸಣ್ಣ ಡೀಸೆಲ್ ಎಂಜಿನ್‌ಗಳನ್ನು ಮುಖ್ಯವಾಗಿ ಎರಡು ಬಗೆಯಾಗಿ ನೋಡಬಹುದು. ಮೊದಲನೆಯದು 1998ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಇಂಡಿಕಾದ 1405 ಸಿ.ಸಿ. ಎಂಜಿನ್. ಇದರಲ್ಲಿ ನಾಲ್ಕು ಸಿಲಿಂಡರ್‌ಗಳಿದ್ದು, ಪ್ರತಿಯೊಂದರ ವ್ಯಾಸ 75 ಮಿ.ಮೀ., ಪಿಸ್ಟನ್ ಚಲಿಸುವ ದೂರ 79.5 ಮಿ.ಮೀ. ಆರಂಭದ ಮಾದರಿಗಳಲ್ಲಿ ಟರ್ಬೊ ಇರಲಿಲ್ಲ. ಶಕ್ತಿ ಸುಮಾರು 53 ಅಶ್ವಶಕ್ತಿ, ತಿರುಚು ಬಲ 85 ನ್ಯೂಟನ್ ಮೀಟರ್. ಇಂಧನವು ನೇರವಾಗಿ ಸಿಲಿಂಡರಿಗೆ ಹೋಗದೆ, ಮೊದಲು ಪಕ್ಕದ ಸಣ್ಣ ಕೋಣೆಯಲ್ಲಿ ಹೊತ್ತಿಕೊಳ್ಳುತ್ತದೆ. ಪಂಪು ಯಾಂತ್ರಿಕವಾದುದರಿಂದ ಸಾಮಾನ್ಯ ಗ್ಯಾರೇಜಿನಲ್ಲಿಯೂ ದುರಸ್ತಿ ಸಾಧ್ಯ. ಇದೇ ಈ ಎಂಜಿನ್‌ನ ದೊಡ್ಡ ಗುಣ.

ಎರಡನೆಯದು ಫಿಯಟ್ ಮೂಲದ 1248 ಸಿ.ಸಿ. ಎಂಜಿನ್. 2007ರ ಜನವರಿಯಲ್ಲಿ ಮಾರುತಿ ಸ್ವಿಫ್ಟ್ ಕಾರಿನಲ್ಲಿ ಬಂದ ಇದು ನಂತರ ಡಿಜೈರ್, ರಿಟ್ಜ್, ಇಂಡಿಕಾ ವಿಸ್ಟಾ, ಫಿಯಟ್ ಪುಂಟೊ ಮುಂತಾದ ಹಲವು ಕಾರುಗಳಲ್ಲಿ ಬಳಕೆಯಾಯಿತು. ಸಿಲಿಂಡರ್ ವ್ಯಾಸ 69.6 ಮಿ.ಮೀ., ಪಿಸ್ಟನ್ ದೂರ 82 ಮಿ.ಮೀ. ಸಾಮಾನ್ಯ ಮಾದರಿಯ ಶಕ್ತಿ 75 ಅಶ್ವಶಕ್ತಿ, ತಿರುಚು ಬಲ 190 ನ್ಯೂಟನ್ ಮೀಟರ್. ಗಾತ್ರದಲ್ಲಿ ಕಿರಿದಾದರೂ ಎಳೆಯುವ ಬಲವು ಮೊದಲನೆಯದರ ಎರಡು ಪಟ್ಟಿಗಿಂತ ಹೆಚ್ಚು. ಕುಮಟಾ ಮಾರ್ಗದ ದೇವಿಮನೆ ಘಟ್ಟವನ್ನು ತುಂಬಿದ ಕಾರಿನಲ್ಲಿ ಏರಿದವರಿಗೆ ಈ ಅಂಕಿಗಳ ಅರ್ಥವನ್ನು ವಿವರಿಸಬೇಕಾಗಿಲ್ಲ. ಟರ್ಬೊ ಹಾಗೂ ಅಧಿಕ ಒತ್ತಡದ ಕಾಮನ್ ರೈಲ್ ವ್ಯವಸ್ಥೆಯು ಇದಕ್ಕೆ ಕಾರಣ. 2020ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್-6 ಮಾನದಂಡ ಜಾರಿಗೆ ಬಂದಾಗ ಮಾರುತಿ ಸಂಸ್ಥೆಯು ಡೀಸೆಲ್ ಕಾರುಗಳ ತಯಾರಿಕೆಯನ್ನೇ ನಿಲ್ಲಿಸಿತು.

ಬಾಳಿಕೆಯ ವಿಷಯದಲ್ಲಿ ಎರಡರ ದೌರ್ಬಲ್ಯಗಳು ಬೇರೆ ಬೇರೆ. 1405 ಸಿ.ಸಿ. ಎಂಜಿನ್‌ನಲ್ಲಿ ಟೈಮಿಂಗ್ ಬೆಲ್ಟ್ ಇದೆ. ಬೆಲ್ಟ್ ತುಂಡಾದಲ್ಲಿ ವಾಲ್ವುಗಳು ಪಿಸ್ಟನ್‌ಗೆ ಬಡಿದು ಎಂಜಿನ್ ಬಿಚ್ಚಬೇಕಾದ ಸ್ಥಿತಿ ಬರುತ್ತದೆ. ಇದಕ್ಕಿಂತ ಸಾಮಾನ್ಯವಾದ ತೊಂದರೆ ಅತಿಯಾಗಿ ಬಿಸಿಯಾಗುವುದು. ಕೂಲಂಟ್ ಬದಲಿಗೆ ಹಳ್ಳದ ನೀರನ್ನೋ ಬಾವಿಯ ನೀರನ್ನೋ ವರ್ಷಗಟ್ಟಲೆ ತುಂಬಿದ ಕಾರುಗಳಲ್ಲಿ ರೇಡಿಯೇಟರ್ ಕಟ್ಟಿಕೊಂಡು, ಘಟ್ಟದ ಏರಿನಲ್ಲಿ ಹೆಡ್ ಗ್ಯಾಸ್ಕೆಟ್ ಸುಡುತ್ತದೆ. ನೀರು ಮತ್ತೆ ಮತ್ತೆ ಕಡಿಮೆಯಾಗುತ್ತಿದ್ದಲ್ಲಿ, ಅಥವಾ ಆಯಿಲ್ ಹಾಲು ಬೆರೆತ ಕಾಫಿಯಂತೆ ಕಂಡಲ್ಲಿ, ನವೀಕರಣ ಶುಲ್ಕ ಪಾವತಿಸುವ ಮುನ್ನ ಮೆಕ್ಯಾನಿಕ್‌ಗೆ ತೋರಿಸುವುದು ಲೇಸು.

1248 ಸಿ.ಸಿ. ಎಂಜಿನ್‌ನಲ್ಲಿ ಬೆಲ್ಟ್ ಬದಲು ಚೈನ್ ಇದೆ. ಚೈನ್ ಎಂದರೆ ಎಂದೆಂದಿಗೂ ನೋಡಬೇಕಾಗಿಲ್ಲ ಎಂಬ ಭಾವನೆ ತಪ್ಪು. ಆಯಿಲ್ ಬದಲಾವಣೆಯನ್ನು ಮುಂದೂಡುತ್ತ ಬಂದ ಕಾರುಗಳಲ್ಲಿ ಚೈನ್ ಸಡಿಲಗೊಂಡು, ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಗಲಗಲ ಶಬ್ದ ಕೇಳಿಬರುತ್ತದೆ. ಟರ್ಬೊ ಸಹ ಅದೇ ಆಯಿಲ್ ಅವಲಂಬಿಸಿದೆ. ಮನೆಯಿಂದ ಪೇಟೆಗೆ ನಾಲ್ಕೈದು ಕಿಲೋಮೀಟರ್ ಮಾತ್ರ ಓಡುವ ಕಾರುಗಳಲ್ಲಿ ಎಂಜಿನ್ ಪೂರ್ಣ ಬಿಸಿಯಾಗದೆ, ಹೊಗೆಯನ್ನು ಮರಳಿ ಒಳಗೆ ಕಳುಹಿಸುವ ಇ.ಜಿ.ಆರ್. ವಾಲ್ವಿನಲ್ಲಿ ಮಸಿ ಕಟ್ಟುತ್ತದೆ. ಇಂಧನದಲ್ಲಿ ನೀರು ಸೇರಿದರೆ ಇಂಜೆಕ್ಟರುಗಳು ಹಾಳಾಗುತ್ತವೆ, ಅವುಗಳ ದುರಸ್ತಿ ದುಬಾರಿ. ಆದುದರಿಂದ ಮಳೆಗಾಲದಲ್ಲಿ ಡೀಸೆಲ್ ಫಿಲ್ಟರಿನ ನೀರನ್ನು ತಪ್ಪದೆ ಹೊರತೆಗೆಯಬೇಕು. ಕೊಟ್ಟಿಗೆಯ ಪಕ್ಕ ನಿಲ್ಲಿಸಿದ ಕಾರುಗಳ ವೈರುಗಳನ್ನು ಇಲಿಗಳು ಕಡಿಯುವುದು ಪುಸ್ತಕದಲ್ಲಿಲ್ಲದ, ಆದರೆ ನಿಜವಾದ ಇನ್ನೊಂದು ತೊಂದರೆ. ಒಟ್ಟಾರೆ, ಆಯಿಲ್ ಬದಲಾವಣೆಯ ದಾಖಲೆ ಸರಿಯಾಗಿರುವ 1248 ಸಿ.ಸಿ. ಕಾರನ್ನು ನವೀಕರಿಸಲು ಹಿಂಜರಿಯಬೇಕಾಗಿಲ್ಲ. ಒಮ್ಮೆ ಚೆನ್ನಾಗಿ ಕಾದು ನಿಂತ 1405 ಸಿ.ಸಿ. ಕಾರಿನ ವಿಷಯದಲ್ಲಿ ಮಾತ್ರ ಎರಡು ಬಾರಿ ಯೋಚಿಸಬೇಕು.

ಡೀಸೆಲ್ ಉಳಿಸಲೆಂದು ಅರಬೈಲು ಅಥವಾ ದೇವಿಮನೆ ಘಟ್ಟದಲ್ಲಿ ಎಂಜಿನ್ ಬಂದ್ ಮಾಡಿ ಇಳಿಯುವ ಅಭ್ಯಾಸವು ಅತ್ಯಂತ ಅಪಾಯಕಾರಿ. ಡೀಸೆಲ್ ಕಾರುಗಳಲ್ಲಿ ಬ್ರೇಕಿಗೆ ಬೇಕಾದ ನಿರ್ವಾತವನ್ನು ಎಂಜಿನ್‌ನಿಂದ ಚಲಿಸುವ ಪ್ರತ್ಯೇಕ ಪಂಪು ಒದಗಿಸುತ್ತದೆ. ಎಂಜಿನ್ ನಿಂತ ನಂತರ ಎರಡು ಮೂರು ಬಾರಿ ಒತ್ತುವಷ್ಟರಲ್ಲಿ ಬ್ರೇಕ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಎಂಜಿನ್ ಚಾಲನೆಯಲ್ಲಿರುವಾಗಲೇ ಬ್ರೇಕ್ ಗಟ್ಟಿಯಾಗಿದ್ದಲ್ಲಿ ಈ ಪಂಪು ಹಾಗೂ ಅದರ ಕೊಳವೆಯನ್ನು ತಪಾಸಣೆಗೆ ಮೊದಲೇ ಸರಿಪಡಿಸಿಕೊಳ್ಳತಕ್ಕದ್ದು.

ನವೀಕರಣದ ಅರ್ಜಿಯನ್ನು ನಮೂನೆ 25ರಲ್ಲಿ, ಅವಧಿ ಮುಗಿಯುವ ದಿನಾಂಕಕ್ಕೆ 60 ದಿನಗಳಿಗಿಂತ ಮುಂಚಿತವಲ್ಲದಂತೆ ಸಲ್ಲಿಸಬೇಕು. ವಿಳಂಬವಾದ ಪ್ರತಿ ತಿಂಗಳಿಗೆ ರೂ. 500 ಹೆಚ್ಚುವರಿಯಾಗಿ ತಗಲುತ್ತದೆ. 2025ರ ಆಗಸ್ಟ್‌ನ ತಿದ್ದುಪಡಿಯಂತೆ 20 ವರ್ಷ ಮೀರಿದ ಕಾರುಗಳಿಗೆ ಶುಲ್ಕ ರೂ. 10,000 ಆಗಿರುತ್ತದೆ. ನೋಂದಣಿ ಪ್ರಮಾಣಪತ್ರ, ಚಾಲ್ತಿಯಲ್ಲಿರುವ ವಿಮೆ ಮತ್ತು ಹೊಗೆ ತಪಾಸಣಾ ಪ್ರಮಾಣಪತ್ರದೊಂದಿಗೆ ವಾಹನವನ್ನು ಮೋಟಾರು ವಾಹನ ನಿರೀಕ್ಷಕರ ಮುಂದೆ ಹಾಜರುಪಡಿಸಬೇಕು.

ಹೊಗೆಯ ಮಿತಿ ಭಾರತ್ ಸ್ಟೇಜ್-4ಕ್ಕಿಂತ ಹಿಂದಿನ ಡೀಸೆಲ್ ವಾಹನಗಳಿಗೆ 65 ಹಾರ್ಟ್ರಿಜ್ ಘಟಕ, ಸ್ಟೇಜ್-4 ವಾಹನಗಳಿಗೆ 50. ಈ ಪರೀಕ್ಷೆಯಲ್ಲಿ ಎಂಜಿನ್ನನ್ನು ಪೂರ್ಣ ವೇಗಕ್ಕೆ ಏರಿಸಲಾಗುವುದರಿಂದ, ಹಳೆಯ ಬೆಲ್ಟ್ ಇರುವ ಕಾರನ್ನು ಹಾಗೆಯೇ ತರುವುದು ಮಾಲೀಕರಿಗೇ ನಷ್ಟ. ತಣ್ಣಗಿರುವ ಎಂಜಿನ್ ಹೆಚ್ಚು ಹೊಗೆ ಕಾರುತ್ತದೆ. ಆದ್ದರಿಂದ ಏರ್ ಫಿಲ್ಟರ್ ಸ್ವಚ್ಛಗೊಳಿಸಿ, ಹದಿನೈದಿಪ್ಪತ್ತು ಕಿಲೋಮೀಟರ್ ಓಡಿಸಿದ ನಂತರ ಪರೀಕ್ಷೆಗೆ ತರುವುದು ಉತ್ತಮ. ಸಿದ್ದಾಪುರ, ಯಲ್ಲಾಪುರಗಳಿಂದ ಶಿರಸಿಗೆ ಬರುವವರಿಗೆ ಇದು ದಾರಿಯಲ್ಲಿಯೇ ಆಗುತ್ತದೆ. ಬಿಸಿಯಾದ ಮೇಲೂ ಕಪ್ಪು ಹೊಗೆ ಬಂದರೆ ಗಾಳಿಯ ಕೊರತೆ ಅಥವಾ ಇಂಜೆಕ್ಟರ್ ದೋಷ, ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿರುವ ಸೂಚನೆ.

ಅರ್ಜಿಗಳು ಎಂಜಿನ್ ದೋಷಕ್ಕಲ್ಲದೆ ಎಂಜಿನ್ ಸಂಖ್ಯೆಯ ಕಾರಣಕ್ಕೂ ತಡೆಹಿಡಿಯಲ್ಪಡಬಹುದು. ಮಲೆನಾಡಿನ ತೇವದಲ್ಲಿ ಚಾಸಿ ಸಂಖ್ಯೆಗೆ ತುಕ್ಕು ಹಿಡಿಯುತ್ತದೆ, ಎಂಜಿನ್ ಸಂಖ್ಯೆಯ ಮೇಲೆ ಎಣ್ಣೆ ಮಣ್ಣು ಕಟ್ಟಿರುತ್ತದೆ. ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಅದ್ದಿದ ಬ್ರಷ್‌ನಿಂದ ಮೃದುವಾಗಿ ಉಜ್ಜಿದರೆ ಸಾಕು. ಅರ ಹಾಕಿ ಉಜ್ಜುವುದಾಗಲಿ, ತಾವೇ ಮರು ಅಚ್ಚೊತ್ತಿಸುವುದಾಗಲಿ ಸರ್ವಥಾ ಕೂಡದು. ಈ ಹಿಂದೆ ಎಂಜಿನ್ ಬದಲಾಯಿಸಿದ್ದಲ್ಲಿ, 52ನೇ ಪ್ರಕರಣದಂತೆ 14 ದಿನಗಳೊಳಗೆ ವರದಿ ಮಾಡಿ ಪ್ರಮಾಣಪತ್ರದಲ್ಲಿ ನಮೂದಿಸಿಕೊಂಡಿರಬೇಕು. ಹಾಗೆ ಮಾಡದಿರುವವರು ಖರೀದಿಯ ರಸೀದಿಯೊಂದಿಗೆ ಮೊದಲು ಆ ವಿಷಯವನ್ನು ಇತ್ಯರ್ಥಪಡಿಸಿಕೊಂಡು ನಂತರ ನವೀಕರಣಕ್ಕೆ ಅರ್ಜಿ ಸಲ್ಲಿಸುವುದು ಸೂಕ್ತ.

ಹಳೆಯ ಕಾರು ಕೊಳ್ಳುವವರು ಗಮನಿಸಬೇಕಾದ ಅಂಶವೆಂದರೆ, ತಪಾಸಣೆಯಲ್ಲಿ ಎಂಜಿನ್ನನ್ನು ಬಿಚ್ಚಿ ನೋಡುವುದಿಲ್ಲ. ನವೀಕೃತ ಪ್ರಮಾಣಪತ್ರವು ಎಂಜಿನ್ ಇನ್ನೂ ಐದು ವರ್ಷ ಬಾಳುತ್ತದೆಂಬ ಭರವಸೆಯಲ್ಲ. 10 ವರ್ಷ ಮೀರಿದ ಡೀಸೆಲ್ ವಾಹನಗಳ ಕುರಿತು ದೆಹಲಿ ರಾಜಧಾನಿ ವಲಯಕ್ಕೆ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2015ರಲ್ಲಿ ನೀಡಿದ ಆದೇಶವು ಕರ್ನಾಟಕಕ್ಕೆ ಅನ್ವಯಿಸುವುದಿಲ್ಲ. ಅದರ ಹೆಸರು ಹೇಳಿ ಕಾರನ್ನು ಕಡಿಮೆ ಬೆಲೆಗೆ ಕೇಳುವವರಿಗೆ ಮಾಲೀಕರು ಕಿವಿಗೊಡಬೇಕಾಗಿಲ್ಲ. ದುರಸ್ತಿ ವೆಚ್ಚವು ವಾಹನದ ಮೌಲ್ಯವನ್ನು ಮೀರುವಂತಿದ್ದಲ್ಲಿ, 2021ರ ನಿಯಮಗಳಡಿ ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿ ಠೇವಣಿ ಪ್ರಮಾಣಪತ್ರ ಪಡೆದು, ನೋಂದಣಿಯನ್ನು ರದ್ದುಪಡಿಸಿಕೊಳ್ಳಬಹುದಾಗಿದೆ.