ಮರದ ಒಡಲಿನ ಲೆಕ್ಕ ತೆಗೆಯುವ ಬೈರಿಗೆ

ಮರದ ವಯಸ್ಸನ್ನು ಅರಿಯಬೇಕಾದರೆ ಅದನ್ನು ಕಡಿದೇ ನೋಡಬೇಕೆಂಬ ತಿಳುವಳಿಕೆ ನಮ್ಮ ಜನರಲ್ಲಿ ಬಲವಾಗಿ ನೆಲೆಸಿದೆ. ಕೊಯ್ದ ಬೊಡ್ಡೆಯ ಚಿತ್ರವನ್ನು ತೋರಿಸಿ ಉಂಗುರಗಳನ್ನು ಎಣಿಸುವ ಪಾಠವನ್ನು ನಾವು ಉಪಾಧ್ಯಾಯರೇ ಮಕ್ಕಳಿಗೆ ಹೇಳಿದ್ದೇವೆ. ಸುವರ್ಣ ಮಹೋತ್ಸವದ ಸಿದ್ಧತೆ ನಡೆದಾಗ ಶಾಲೆಯ ಅಂಗಳದ ಬೇವಿನ ಮರಕ್ಕೆ ‘ಮುನ್ನೂರು ವರ್ಷಗಳ ಪುರಾತನ ವೃಕ್ಷ’ ಎಂಬ ಫಲಕ ಹಾಕಬೇಕೆಂದು ಕೆಲವು ಹಳೆಯ ವಿದ್ಯಾರ್ಥಿಗಳು ಸೂಚಿಸಿದರು. ಮತ್ತೆ ಕೆಲವರು, ಈಗ ಯಂತ್ರಗಳು ಬಂದಿವೆ, ತೂತು ಕೊರೆಸಿ ನಿಜ ವಯಸ್ಸನ್ನೇ ಬರೆಸೋಣ ಎಂದರು. ಈ ಎರಡು ಸೂಚನೆಗಳಿಗೆ ಉತ್ತರವಾಗಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಅಂತಹ ಸಾಧನವೊಂದು ಇರುವುದು ನಿಜ. ಆದರೆ ಅದು ಈಗ ಬಂದದ್ದಲ್ಲ. ಜರ್ಮನಿಯ ಥರಾಂಡ್ಟ್ ಎಂಬಲ್ಲಿ ಅರಣ್ಯಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಮ್ಯಾಕ್ಸ್ ಪ್ರೆಸ್ಲರ್ 1866ರಲ್ಲಿ ಅದನ್ನು ಬಳಕೆಗೆ ತಂದನು. ಕಾಡಿನ ಮರ ವರ್ಷಕ್ಕೆ ಎಷ್ಟು ದಪ್ಪವಾಗುತ್ತದೆ, ಯಾವಾಗ ಕಡಿದರೆ ಲಾಭ ಎಂಬ ಲೆಕ್ಕವೇ ಅವನಿಗೆ ಬೇಕಾಗಿತ್ತು. ಆದ್ದರಿಂದಲೇ ಅದಕ್ಕೆ ಬೆಳವಣಿಗೆಯನ್ನು ಅಳೆಯುವ ಬೈರಿಗೆ ಎಂಬರ್ಥದಲ್ಲಿ ‘ಇನ್‌ಕ್ರಿಮೆಂಟ್ ಬೋರರ್’ ಎಂಬ ಹೆಸರು ಬಂದಿತು. ಅರಣ್ಯ ಇಲಾಖೆಯಲ್ಲಿರುವ ನನ್ನ ಶಿಷ್ಯನೊಬ್ಬನು ಒಮ್ಮೆ ಅದನ್ನು ನನ್ನ ಕೈಗೆ ಕೊಟ್ಟಿದ್ದನು. ನೋಡಲು ಬಹಳ ಸಾಧಾರಣ. ಮೂರೇ ಭಾಗಗಳು: ಟೊಳ್ಳಾದ ಹಿಡಿಕೆ, ಟೊಳ್ಳಾದ ಉಕ್ಕಿನ ಕೊಳವೆ, ಉದ್ದನೆಯ ತೆಳು ಚಮಚದಂತಹ ಪಟ್ಟಿ. ಕೆಲಸವಾದ ಮೇಲೆ ಕೊಳವೆಯೂ ಪಟ್ಟಿಯೂ ಹಿಡಿಕೆಯೊಳಗೇ ಸೇರಿಕೊಳ್ಳುತ್ತವೆ.

ನಮ್ಮ ಬಡಿಗರ ಬೈರಿಗೆ ಮರವನ್ನು ಪುಡಿ ಮಾಡಿ ಹೊರಚೆಲ್ಲುತ್ತದೆ. ತೂತು ಉಳಿಯುತ್ತದೆ, ಮರ ಹೋಗುತ್ತದೆ. ಪ್ರೆಸ್ಲರನ ಬೈರಿಗೆ ಸುತ್ತಲೂ ಕೊರೆದು ನಡುವಿನ ಕಡ್ಡಿಯನ್ನು ಹಾಗೆಯೇ ಉಳಿಸುತ್ತದೆ. ಕೊಳವೆಯ ತುದಿಯಲ್ಲಿ ತಿರುಪಿನ ಎಳೆಗಳೂ ಹರಿತವಾದ ಬಾಯಿಯೂ ಇರುತ್ತವೆ. ಆ ಬಾಯಿಯ ಒಳ ಅಳತೆ ಹಿಂದಿನ ಕೊಳವೆಗಿಂತ ಕೂದಲೆಳೆಯಷ್ಟು ಕಿರಿದು. ಇದರಿಂದ ಕತ್ತರಿಸಿದ ಕಡ್ಡಿ ಒಳಗೆ ಸಿಕ್ಕಿಕೊಳ್ಳದೆ ಸರಾಗವಾಗಿ ಸರಿಯುತ್ತದೆ. ಉಪಕರಣದ ಜಾಣ್ಮೆಯೆಲ್ಲ ಈ ಒಂದು ಸಂಗತಿಯಲ್ಲಿದೆ ಎಂದು ನನಗೆ ತೋರುತ್ತದೆ. ಸಾಮಾನ್ಯವಾಗಿ ದೊರೆಯುವ ಕಡ್ಡಿಯ ದಪ್ಪ 4.3 ಅಥವಾ 5.15 ಮಿಲಿಮೀಟರ್, ಎಂದರೆ ಸೀಸದ ಕಡ್ಡಿಗಿಂತ ತೆಳುವು.

ಎದೆಯ ಮಟ್ಟದಲ್ಲಿ ಬೈರಿಗೆಯನ್ನು ಕಾಂಡಕ್ಕೆ ನೇರವಾಗಿ ಒತ್ತಿ ಹಿಡಿದು, ಮರದ ನಡುವಿನ ಕಡೆಗೆ ಗುರಿಯಿಟ್ಟು, ಎರಡೂ ಕೈಗಳಿಂದ ಬಲಕ್ಕೆ ತಿರುಗಿಸುತ್ತಾರೆ. ಎಳೆಗಳಿಗೆ ಜೇನುಮೇಣ ಸವರುವುದುಂಟು. ಸಾಕಷ್ಟು ಒಳಹೊಕ್ಕ ಮೇಲೆ ಚಮಚದ ಪಟ್ಟಿಯನ್ನು ಕಡ್ಡಿಯ ಪಕ್ಕದಲ್ಲಿ ತೂರಿಸಿ, ಬೈರಿಗೆಯನ್ನು ಒಂದು ಸುತ್ತು ಹಿಂದಕ್ಕೆ ತಿರುಗಿಸಿದರೆ ಕಡ್ಡಿಯ ಬುಡ ಮುರಿಯುತ್ತದೆ. ಆಗ ಪಟ್ಟಿಯನ್ನು ಎಳೆದರೆ ತೊಗಟೆಯಿಂದ ತಿರುಳಿನವರೆಗಿನ ಮರದ ಚರಿತ್ರೆ ಅಂಗೈ ಮೇಲೆ ಬರುತ್ತದೆ. ಬೈರಿಗೆಯನ್ನು ಮಾತ್ರ ಮರದಲ್ಲಿ ಬಿಟ್ಟು ಊಟಕ್ಕೆ ಹೋಗುವಂತಿಲ್ಲ. ಮರ ಅದನ್ನು ಬಿಗಿಹಿಡಿದುಬಿಡುತ್ತದೆ. ಕಡ್ಡಿಯನ್ನು ಕಾಗದದ ನಳಿಕೆಯಲ್ಲಿಟ್ಟು ಒಣಗಿಸಿ, ಗಾಡಿ ತೋಡಿದ ಹಲಗೆಗೆ ಅಂಟಿಸಿ, ಒರಟಿನಿಂದ ನಯಕ್ಕೆ ಮರಳು ಕಾಗದಗಳಿಂದ ಉಜ್ಜಿದ ಬಳಿಕ ಸೂಕ್ಷ್ಮದರ್ಶಕದ ಕೆಳಗೆ ಉಂಗುರಗಳನ್ನು ಅಳೆಯುತ್ತಾರೆ.

ಬರಿಯ ಎಣಿಕೆಯಿಂದ ಕೆಲಸ ಮುಗಿಯದು. ಕಡು ಬರದ ವರ್ಷದಲ್ಲಿ ಉಂಗುರವೇ ಮೂಡದಿರಬಹುದು. ಒಂದೇ ವರ್ಷದಲ್ಲಿ ಎರಡು ಮೂಡಿದಂತೆ ಕಾಣಬಹುದು. ಆದ್ದರಿಂದ ಒಂದು ಮರದಿಂದ ಎರಡು ಕಡ್ಡಿಗಳನ್ನು, ಅಂತಹ ಹತ್ತಾರು ಮರಗಳಿಂದ ತೆಗೆದು, ಅಗಲ ಕಿರಿದುಗಳ ಸರಣಿಯನ್ನು ಒಂದರೊಡನೊಂದು ಹೊಂದಿಸುತ್ತಾರೆ. ಈ ಕ್ರಮವನ್ನು ಶಾಸ್ತ್ರವಾಗಿ ಬೆಳೆಸಿದವನು ಅಮೆರಿಕದ ಖಗೋಳಜ್ಞ ಎ. ಇ. ಡಗ್ಲಾಸ್. ಸೂರ್ಯನ ಕಲೆಗಳ ಗುರುತನ್ನು ಮರಗಳಲ್ಲಿ ಹುಡುಕಲು ಹೊರಟ ಅವನು, 1929ರಲ್ಲಿ ಅರಿಝೋನಾದ ಷೋ ಲೋ ಎಂಬಲ್ಲಿ ದೊರೆತ ಸುಟ್ಟ ತೊಲೆಯೊಂದರ ಉಂಗುರಗಳಿಂದ ಅಲ್ಲಿನ ಪುರಾತನ ಪಾಳುಮನೆಗಳ ಕಾಲವನ್ನೇ ನಿರ್ಣಯಿಸಿದನು.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಹಿಮಾಲಯದ ದೇವದಾರು ಒದಗುತ್ತದೆ. ದಕ್ಷಿಣದಲ್ಲಿ ಸಾಗುವಾನಿಯೇ ಗತಿ. ಬೆಳವಣಿಗೆಯ ಋತು ಮೊದಲಾದಾಗ ಸಾಗುವಾನಿಯಲ್ಲಿ ದೊಡ್ಡ ರಂಧ್ರಗಳ ಸಾಲು ಮೂಡುತ್ತದೆ. ಬರಿಗಣ್ಣಿಗೂ ಗೆರೆ ಕಾಣುತ್ತದೆ. ಪುಣೆಯ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳು ಕೇರಳದ ಸಾಗುವಾನಿಯಿಂದ 1481ರಿಂದ 2003ರವರೆಗಿನ 523 ವರ್ಷಗಳ ಉಂಗುರಸರಣಿಯನ್ನು ಕಟ್ಟಿ 2010ರಲ್ಲಿ ಪ್ರಕಟಿಸಿದರು. ಮುಂಗಾರು ಕೈಕೊಟ್ಟ ವರ್ಷಗಳ ಗುರುತು ಅದರ ಕಿರಿದಾದ ಉಂಗುರಗಳಲ್ಲಿ ಕಂಡಿತು. ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ನಮಗೆ ಇದು ದೂರದ ಮಾತಲ್ಲ. 1876-78ರ ಧಾತು-ಈಶ್ವರ ಸಂವತ್ಸರಗಳ ಬರದ ಮಾತನ್ನು ನಾವು ಹಿರಿಯರ ಬಾಯಿಂದ ಕೇಳಿದವರು. 1972ರದನ್ನು ಕಣ್ಣಾರೆ ಕಂಡವರು. ಮಳೆಯಿಲ್ಲದೆ ಊರು ಬಿಟ್ಟು ‘ಪಾಲಮೂರು ಕೂಲಿ’ಗಳೆನಿಸಿಕೊಂಡವರ ಮಕ್ಕಳಿಗೂ ನಾವು ಪಾಠ ಹೇಳಿದ್ದೇವೆ.

ಇನ್ನು ನಮ್ಮ ಬೇವಿನ ವಿಷಯ. ಬೇವಿನಲ್ಲಿ ವರ್ಷಕ್ಕೊಂದೇ ಉಂಗುರವೆಂದು ನಂಬಿ ಎಣಿಸುವಂತಿಲ್ಲ. ಆಲದ ಪಾಡು ಇನ್ನೂ ಕಷ್ಟ. ಮಹಬೂಬನಗರದ ಪಿಲ್ಲಲಮರ್ರಿಗೆ ಏಳುನೂರು ವರ್ಷವೆಂದು ಹೇಳುವುದು ವಾಡಿಕೆ. ಬಿಳಲುಗಳೇ ಕಾಂಡಗಳಾಗಿ ಹಬ್ಬಿದ ಆ ಮರದ ಯಾವ ಕಾಂಡಕ್ಕೆ ಬೈರಿಗೆ ಇಡುವುದು? 2018ರಲ್ಲಿ ಗೆದ್ದಲು ಹಿಡಿದ ಆ ಮರಕ್ಕೆ ರೋಗಿಗೆ ಸಲೈನ್ ಕೊಟ್ಟಂತೆ ಬಾಟಲಿಗಳಿಂದ ಹನಿಹನಿಯಾಗಿ ಕೀಟನಾಶಕ ಇಳಿಸಿದ್ದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ತೂತೆಂಬುದು ಮರಕ್ಕೆ ಗಾಯವೇ. ದೇವದಾರುವಿನಂತಹ ಮರಗಳಲ್ಲಿ ಅಂಟು ಬಂದು ಗಾಯವನ್ನು ಮುಚ್ಚೀತು. ಅಗಲ ಎಲೆಯ ಮರಗಳಲ್ಲಿ ಸುತ್ತಲಿನ ಭಾಗ ಕಂದಿ, ಕೊಳೆತ ಹೊಗಬಹುದು. 1964ರಲ್ಲಿ ಅಮೆರಿಕದ ನೆವಾಡಾದಲ್ಲಿ ಸಂಶೋಧಕನೊಬ್ಬನು ಬೈರಿಗೆಯಿಂದ ತೃಪ್ತಿಕರ ಮಾದರಿ ದೊರೆಯದೆ, ಅರಣ್ಯ ಇಲಾಖೆಯ ಒಪ್ಪಿಗೆ ಪಡೆದೇ ಒಂದು ಪೈನ್ ಮರವನ್ನು ಕಡಿಸಿದನು. ಎಣಿಸಿದಾಗ ಅದಕ್ಕೆ 4,800ಕ್ಕೂ ಮೀರಿದ ಉಂಗುರಗಳಿದ್ದವು! ನಮ್ಮ ಬೇವಿಗೆ ಫಲಕವೂ ಬೇಡ, ಬೈರಿಗೆಯೂ ಬೇಡವೆಂದು ಸಮಿತಿಗೆ ನಾನು ಬರೆದುಕೊಟ್ಟಿದ್ದೇನೆ.

ಕೊರೆಯುವುದಕ್ಕೆ ಯೋಗ್ಯವಾದದ್ದು ನಮ್ಮಲ್ಲಿ ಬೇರೆಯೇ ಇದೆ. ನಮ್ಮ ಹಳೆಯ ಮಾಳಿಗೆ ಮನೆಗಳ ಸಾಗುವಾನಿ ತೊಲೆ, ಕಂಬಗಳು ಸತ್ತ ಮರಗಳಾದ್ದರಿಂದ ಗಾಯದ ಭಯವಿಲ್ಲ. ಯೂರೋಪಿನಲ್ಲಿ ಹಳೆಯ ಕಟ್ಟಡಗಳ ಒಣ ತೊಲೆಗಳಿಂದ ವಿದ್ಯುತ್ ಡ್ರಿಲ್ಲಿಗೆ ಜೋಡಿಸಿದ ಟೊಳ್ಳು ಬೈರಿಗೆಯಿಂದ ಕಡ್ಡಿ ತೆಗೆದು, ತೂತಿಗೆ ಮರದ ಬೆಣೆ ಹೊಡೆಯುತ್ತಾರೆ. ಇಲ್ಲಿಯೋ, ಸ್ಲ್ಯಾಬಿನ ಮನೆ ಕಟ್ಟುವ ಆತುರದಲ್ಲಿ ತೊಲೆಗಳು ಕೊಯ್ಯುವ ಯಂತ್ರಕ್ಕೆ ಹೋಗುತ್ತಿವೆ, ಚೂರುಗಳು ಒಲೆಗೆ. ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ, ಲಖನೌದ ಬೀರಬಲ್ ಸಾಹನಿ ಸಂಸ್ಥೆಗಳಲ್ಲಿ ಸಾಗುವಾನಿಯ ಉಂಗುರಗಳನ್ನು ಓದಬಲ್ಲವರಿದ್ದಾರೆ. ಆದರೆ ಓದಲು ಮರ ಉಳಿದಿರಬೇಕಲ್ಲ!

ಮನೆ ಕೆಡವುವ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆಯಿಷ್ಟು. ದಪ್ಪ ತೊಲೆಯ ತುದಿಯಿಂದ ಎರಡು ಬೆರಳು ದಪ್ಪದ ಬಿಲ್ಲೆಯೊಂದನ್ನು ಅಡ್ಡ ಕೊಯ್ಸಿ ಶಾಲೆಗೆ ತಂದುಕೊಡಿ. ತೊಗಟೆಯ ಕೆಳಗಿನ ಬಿಳಿ ಭಾಗವೇನಾದರೂ ಉಳಿದಿದ್ದರೆ ಅದನ್ನು ಕೆತ್ತಿಸಬೇಡಿ. ಮರ ಕಡಿದ ವರ್ಷವನ್ನು ಹೇಳುವುದು ಆ ಅಂಚೇ. ಊರು, ಮನೆತನ, ತೊಲೆ ಯಾವ ಅಂಕಣದ್ದು ಎಂಬುದನ್ನು ಬಿಲ್ಲೆಯ ಹಿಂಬದಿಗೆ ಸೀಸದ ಕಡ್ಡಿಯಲ್ಲಿ ಬರೆಯಿರಿ. ಶಾಯಿ ಮರದಲ್ಲಿ ಹರಡುತ್ತದೆ. ವಿಜ್ಞಾನದ ಕೋಣೆಯ ಕಪಾಟಿನಲ್ಲಿ ಕೆಳಗಿನ ಎರಡು ಅರೆಗಳನ್ನು ಇದಕ್ಕಾಗಿ ತೆರವು ಮಾಡಿಸಿದ್ದೇನೆ.