ದಿನದ ಗುಳಿಗೆ ಚಟವಾಗುತ್ತದೆಯೇ?

ಪುಣೆಯ ಖಡಕಿ ಬಾಂಬೆ ಸ್ಯಾಪರ್ಸ್ ಎಂಬ ಸೇನಾ ಎಂಜಿನಿಯರ್ ಪಡೆಯ ತವರು. ಆ ಪಡೆಯೊಂದಿಗಿದ್ದ ಸೆಕೆಂಡ್ ಲೆಫ್ಟಿನೆಂಟ್ ಪ್ರೇಮೀಂದ್ರ ಸಿಂಗ್ ಭಗತ್ 1941ರಲ್ಲಿ ಆಫ್ರಿಕದ ಗೊಂಡರ್ ಕಡೆಯ ರಸ್ತೆಯಲ್ಲಿ ನಾಲ್ಕು ದಿನ ಬೆಳಗಿನಿಂದ ಕತ್ತಲಾಗುವವರೆಗೆ ನೆಲಬಾಂಬು ತೆಗೆಸುತ್ತ ಮುಂದುವರಿದರು. 55 ಮೈಲಿ ದಾರಿ, 15 ಕಡೆ ಬಾಂಬು ಹೂತ ನೆಲ. ಒಂದು ಕಿವಿಯ ತಮಟೆ ಹರಿದಿತ್ತು, ಮೈ ಸೋತಿತ್ತು. ಆದರೂ ಕೆಲಸವನ್ನು ಬೇರೆಯವರಿಗೆ ಒಪ್ಪಿಸಲು ಒಪ್ಪಲಿಲ್ಲ. ಅದಕ್ಕೆ ಅವರಿಗೆ ವಿಕ್ಟೋರಿಯಾ ಕ್ರಾಸ್ ಸಂದಿತು.

ಅಂಥ ಎಚ್ಚರವನ್ನು ಗುಳಿಗೆಯಲ್ಲಿ ತುಂಬಿ ಸಿಪಾಯಿಗಳಿಗೆಲ್ಲ ಹಂಚುವ ಪ್ರಯೋಗವೂ ಅದೇ ಎರಡನೇ ಮಹಾಯುದ್ಧದಲ್ಲಿ ನಡೆಯಿತು. ಜರ್ಮನರದು ಪರ್ವಿಟಿನ್, ಬ್ರಿಟಿಷರದು ಬೆಂಜಡ್ರಿನ್, ಜಪಾನೀಯರದು ಫಿಲೊಪಾನ್. ಮೂರೂ ಆಂಫೆಟಮಿನ್ ಕುಲದ ಉತ್ತೇಜಕಗಳೇ. ಯುದ್ಧ ಮುಗಿದ ಮೇಲೆ ಫಿಲೊಪಾನ್ ದಾಸ್ತಾನು ಜಪಾನಿನ ಪೇಟೆಗೆ ಹರಿಯಿತು, ಜನ ಸೂಜಿಯಲ್ಲಿ ಚುಚ್ಚಿಕೊಂಡರು, 1951ರಲ್ಲಿ ಅಲ್ಲಿನ ಸರ್ಕಾರ ಅದಕ್ಕೆಂದೇ ಕಾನೂನು ತರಬೇಕಾಯಿತು.

ಇಂಥ ಉತ್ತೇಜಕಗಳಿಗೆ ಇನ್ನೊಂದು ಚರಿತ್ರೆಯೂ ಇದೆ. 1937ರಲ್ಲಿ ಅಮೆರಿಕದ ರೋಡ್ ಐಲ್ಯಾಂಡ್‌ನ ಮಕ್ಕಳ ಆಸ್ಪತ್ರೆಯೊಂದರಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯ 30 ಮಕ್ಕಳಿಗೆ ಬೆಂಜಡ್ರಿನ್ ಕೊಟ್ಟು ನೋಡಿದ. ನಡವಳಿಕೆಯ ನಾನಾ ತೊಂದರೆಗಳಿದ್ದ ಮಕ್ಕಳವು. 14 ಮಕ್ಕಳ ಶಾಲೆಯ ಕೆಲಸ ಕಣ್ಣಿಗೆ ಹೊಡೆಯುವಷ್ಟು ಸುಧಾರಿಸಿತು. 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನಶಾಸ್ತ್ರಜ್ಞ ಲಿಯಾಂಡ್ರೊ ಪಾನಿಜ್ಜೋನ್ ಮೀಥೈಲ್‌ಫೆನಿಡೇಟ್ ತಯಾರಿಸಿದ. ಹೆಂಡತಿ ರೀಟಾಳ ಹೆಸರಿನಿಂದ ಅದು ರಿಟಾಲಿನ್ ಆಯಿತು. ಇಂದು ಎಡಿಎಚ್‌ಡಿ ಎಂಬ ಗಮನ ಕೊರತೆಯ ತೊಂದರೆಗೆ ನಮ್ಮ ಮನೋವೈದ್ಯರು ಬರೆಯುವ ಉತ್ತೇಜಕ ಮುಖ್ಯವಾಗಿ ಇದೇ.

ಖಡಕಿ ಬಜಾರಿನ ಆಸುಪಾಸಿನ ಕನ್ನಡ ಮನೆಯಲ್ಲೊಂದು ಮಗುವಿಗೆ ಈ ಗುಳಿಗೆ ಬರೆದುಕೊಟ್ಟರೆನ್ನಿ. ವಿಜಯಪುರದ ಕಡೆಯ ಸೋದರತ್ತೆ ಫೋನಿನಲ್ಲಿ ಹೇಳುವ ಮೊದಲ ಮಾತು ಊಹಿಸಬಹುದು: “ಒಮ್ಮೆ ಚಾಲೂ ಮಾಡಿದ್ರ ಬಿಡಾಕ ಬರಂಗಿಲ್ಲಂತಲ್ಲೋ ತಮ್ಮಾ!” ಔಷಧಿ ಅಂಗಡಿಯ ವಿಧಿವಿಧಾನ ಆ ಭಯಕ್ಕೆ ಒಗ್ಗರಣೆ ಹಾಕುತ್ತದೆ. ಮೀಥೈಲ್‌ಫೆನಿಡೇಟ್ ನಮ್ಮ ದೇಶದ ಔಷಧಿ ನಿಯಮಗಳ ‘ಶೆಡ್ಯೂಲ್ ಎಕ್ಸ್’ ಪಟ್ಟಿಯಲ್ಲಿದೆ. ಅದನ್ನು ಬೀಗ ಹಾಕಿದ ಕಪಾಟಿನಲ್ಲಿಡಬೇಕು. ವೈದ್ಯರ ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಕಾದಿಡಬೇಕು. ಇಷ್ಟೆಲ್ಲ ಕಂಡ ತಾಯಿಗೆ ಮಗನ ಕೈಗೆ ಏನು ಕೊಡುತ್ತಿದ್ದೇನೆ ಎಂದು ಎದೆ ಹೊಡೆದುಕೊಂಡರೆ ಅದು ಸಹಜ.

ಸೋದರತ್ತೆಯ ಮಾತನ್ನು ಅಜ್ಞಾನವೆಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಮಿದುಳಿನ ನರಕೋಶಗಳು ಡೋಪಮಿನ್ ಎಂಬ ರಾಸಾಯನಿಕವನ್ನು ಬಿಟ್ಟು, ಕೆಲಸ ಮುಗಿದೊಡನೆ ವಾಪಸ್ ಎಳೆದುಕೊಳ್ಳುತ್ತವೆ. ಎಳೆದುಕೊಳ್ಳಲು ಕೋಶದ ಪೊರೆಯಲ್ಲಿ ಒಂದು ಬಗೆಯ ಸಾಗಣೆ ಪ್ರೋಟೀನುಗಳಿವೆ. ಮೀಥೈಲ್‌ಫೆನಿಡೇಟ್ ಅವುಗಳ ಬಾಯಿಗೆ ಅಡ್ಡ ಕೂರುತ್ತದೆ, ಡೋಪಮಿನ್ ಹೊರಗೆ ಹೆಚ್ಚು ಹೊತ್ತು ಉಳಿಯುತ್ತದೆ. ಕೊಕೇನ್ ಮಾಡುವುದೂ ಇದನ್ನೇ! ಹಾಗಿದ್ದರೆ ಒಂದು ಔಷಧಿ, ಇನ್ನೊಂದು ಮಾದಕವಸ್ತು ಆದದ್ದು ಹೇಗೆ?

ಅಮೆರಿಕದ ವಿಜ್ಞಾನಿ ನೋರಾ ವೋಲ್ಕೋವ್ ಮತ್ತು ಸಂಗಡಿಗರು ಮಿದುಳಿನ ಪೆಟ್ ಸ್ಕ್ಯಾನ್ ಹಿಡಿದು 1990ರ ದಶಕದಲ್ಲಿ ಇದರ ಬೆನ್ನು ಹತ್ತಿದರು. ರಕ್ತನಾಳಕ್ಕೆ ಚುಚ್ಚಿದ ಕೊಕೇನ್ ನಾಲ್ಕಾರು ನಿಮಿಷದಲ್ಲಿ ಮಿದುಳಿನಲ್ಲಿ ತುದಿ ಮುಟ್ಟುತ್ತದೆ. ನುಂಗಿದ ಮೀಥೈಲ್‌ಫೆನಿಡೇಟ್‌ಗೆ ಒಂದು ಗಂಟೆ, ಕೆಲವೊಮ್ಮೆ ಒಂದೂವರೆ ಗಂಟೆಯೇ ಬೇಕು. ಚಿಕಿತ್ಸೆಯ ಪ್ರಮಾಣದಲ್ಲೇ ಗುಳಿಗೆ ಅರ್ಧಕ್ಕಿಂತ ಹೆಚ್ಚು ಸಾಗಣೆ ಪ್ರೋಟೀನುಗಳನ್ನು ತಡೆದಿರುತ್ತದೆ, ಆದರೂ ನುಂಗಿದವರಿಗೆ ಸಾಮಾನ್ಯವಾಗಿ ನಶೆ ಏರುವುದಿಲ್ಲ. ಕೆರೆಯ ಏರಿ ಒಡೆದು ನುಗ್ಗಿದ ನೀರಿಗೂ ಹನಿ ನೀರಾವರಿಗೂ ಇರುವ ವ್ಯತ್ಯಾಸ ಇದು: ನೀರು ಅದೇ, ವೇಗ ಬೇರೆ. ಇದೇ ಗುಳಿಗೆಯನ್ನು ಪುಡಿ ಮಾಡಿ ಮೂಗಿಗೆ ಏರಿಸಿದರೆ ಈ ರಕ್ಷಣೆ ಹೋಯಿತು.

ನಶೆಯಿಲ್ಲ ಎಂದ ಮಾತ್ರಕ್ಕೆ ಮಿದುಳು ಸುಮ್ಮನಿರುತ್ತದೆ ಎಂದಲ್ಲ. ಅದೇ ವೋಲ್ಕೋವ್ ತಂಡ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲು ಔಷಧಿ ಮುಟ್ಟಿರದ 18 ವಯಸ್ಕರಿಗೆ ಒಂದು ವರ್ಷ ಮೀಥೈಲ್‌ಫೆನಿಡೇಟ್ ಕೊಟ್ಟರು. ಸಾಗಣೆ ಪ್ರೋಟೀನುಗಳು ಸುಮಾರು ಶೇ. 24ರಷ್ಟು ಹೆಚ್ಚಾಗಿದ್ದವು. ಬಾಗಿಲಿಗೆ ಅಡ್ಡ ಕೂತವರಿದ್ದಾರೆಂದು ಮಿದುಳು ಬಾಗಿಲುಗಳನ್ನೇ ಹೆಚ್ಚಿಸಿಕೊಂಡಿತ್ತು. ಗುಳಿಗೆ ತಪ್ಪಿದ ದಿನ ಡೋಪಮಿನ್ ಮೊದಲಿಗಿಂತ ಬೇಗ ಬರಿದಾಗಬಹುದು. ತಟ್ಟನೆ ಬಿಟ್ಟವರಲ್ಲಿ ಕೆಲವರಿಗೆ ಆಯಾಸ, ಮಂಕು, ಸಿಡುಕು, ವಿಪರೀತ ನಿದ್ದೆ ಕಾಣಿಸುವುದಕ್ಕೆ ಇಂಥ ಹೊಂದಾಣಿಕೆ ಒಂದು ಕಾರಣ ಇರಬಹುದು. ದೇಹ ಔಷಧಿಗೆ ಒಗ್ಗಿಕೊಂಡ ಲಕ್ಷಣ ಇದು. ರಕ್ತದೊತ್ತಡದ ಕೆಲವು ಗುಳಿಗೆಗಳನ್ನೂ ಹೀಗೆ ಏಕಾಏಕಿ ನಿಲ್ಲಿಸಬಾರದು.

ಚಟದ ಗುರುತುಗಳೇ ಬೇರೆ. ಪ್ರಮಾಣ ತಾನಾಗಿ ಏರಿಸುವುದು, ಗುಳಿಗೆಗಾಗಿ ಸುಳ್ಳು ಹೇಳುವುದು, ಶಾಲೆ-ನೌಕರಿ-ಮನೆ ಹಾಳಾಗುತ್ತಿದ್ದರೂ ಬಿಡಲಾರದಿರುವುದು. ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ, ವೈದ್ಯರ ಮೇಲ್ವಿಚಾರಣೆಯಲ್ಲಿ ಔಷಧಿ ಸೇವಿಸುವವರಿಗೆ ಒಗ್ಗುವಿಕೆಯನ್ನೂ ಬಿಟ್ಟಾಗಿನ ತೊಂದರೆಯನ್ನೂ ಚಟದ ಲೆಕ್ಕಕ್ಕೆ ಹಿಡಿಯಬಾರದೆಂದು ಸ್ಪಷ್ಟವಾಗಿ ಬರೆದಿದೆ. ಬಾಲ್ಯದಲ್ಲಿ ಉತ್ತೇಜಕ ಪಡೆದವರು ಮುಂದೆ ಮದ್ಯ-ಮಾದಕಗಳ ಹಿಂದೆ ಬೀಳುತ್ತಾರೆಯೇ? ಅಮೆರಿಕದಲ್ಲಿ 579 ಮಕ್ಕಳೊಂದಿಗೆ ಶುರುವಾದ ಎಂಟಿಎ ಅಧ್ಯಯನ ಅವರನ್ನು ಸುಮಾರು 25ರ ವಯಸ್ಸಿನವರೆಗೂ ಹಿಂಬಾಲಿಸಿತು. ಅಂಥ ನಂಟು ಕಾಣಲಿಲ್ಲವೆಂದು 2023ರಲ್ಲಿ ವರದಿ ಬಂತು.

ಆ ವರದಿ ಓದಿ ಪೂರಾ ನಿರಾಳವಾಗುವಂತೆಯೂ ಇಲ್ಲ. ಹಸಿವು ಕುಗ್ಗುತ್ತದೆ, ನಿದ್ದೆ ಸರಿಯುತ್ತದೆ. ವರ್ಷಗಟ್ಟಲೆ ಬಿಡದೆ ತೆಗೆದುಕೊಂಡ ಮಕ್ಕಳ ಎತ್ತರ ಕೊಂಚ ಕಡಿಮೆಯಾದದ್ದೂ ಅದೇ ಎಂಟಿಎ ಅಧ್ಯಯನದಲ್ಲಿ ಕಂಡಿದೆ. ಸ್ವೀಡನ್ನಿನಲ್ಲಿ 14 ವರ್ಷಗಳವರೆಗಿನ ದಾಖಲೆ ಜಾಲಾಡಿದ ಇನ್ನೊಂದು ಅಧ್ಯಯನ, ಔಷಧಿ ಸೇವನೆ ಉದ್ದವಾದಷ್ಟೂ ಹೃದಯ-ರಕ್ತನಾಳದ ತೊಂದರೆ, ಮುಖ್ಯವಾಗಿ ಅಧಿಕ ರಕ್ತದೊತ್ತಡ, ಹೆಚ್ಚು ಕಂಡುಬಂದಿತೆಂದು 2023ರಲ್ಲೇ ಹೇಳಿತು. ನನ್ನ ಮಟ್ಟಿಗೆ, ವೈದ್ಯರು ಬರೆದ ಗುಳಿಗೆಯ ವಿಷಯದಲ್ಲಿ ಚಟಕ್ಕಿಂತ ದೊಡ್ಡ ಅಪಾಯ, ಯಾರೂ ಮರುಪರೀಕ್ಷೆ ಮಾಡದೆ ಹಳೆಯ ಚೀಟಿಯ ಮೇಲೆಯೇ ಅದು ಸಾಗುತ್ತಿರುವುದು.

ಪುಣೆ ಸ್ಪರ್ಧಾ ಪರೀಕ್ಷೆಗಳ ಊರು ಕೂಡ. ರಾತ್ರಿ ಓದಲೆಂದು ಗೆಳೆಯನ ಗುಳಿಗೆ ಎರವಲು ತರುವ ಹುಡುಗನಿಗೆ ಮೇಲೆ ಹೇಳಿದ ಭರವಸೆಯ ಮಾತು ಯಾವುದೂ ಅನ್ವಯಿಸುವುದಿಲ್ಲ. ಪ್ರಮಾಣ ಅವನದಲ್ಲ, ಅವನ ಹೃದಯವನ್ನು ಯಾರೂ ನೋಡಿಲ್ಲ, ಕೊಟ್ಟ ಗೆಳೆಯನೂ ಕಾನೂನಿನ ತಪ್ಪಿತಸ್ಥ.

ಮನೆಯಲ್ಲಿ ಯಾರಾದರೂ ಈ ಔಷಧಿ ತೆಗೆದುಕೊಳ್ಳುತ್ತಿದ್ದರೆ ನೆಂಟರ ಮಾತಿಗೆ ಹೆದರಿ ನೀವಾಗಿ ನಿಲ್ಲಿಸಬೇಡಿ. ಎತ್ತರ, ತೂಕ, ನಾಡಿ, ರಕ್ತದೊತ್ತಡ ಬರೆದಿಟ್ಟ ಚೀಟಿ ಹಿಡಿದು ವೈದ್ಯರ ಬಳಿ ಹೋಗಿ, ಇದು ಇನ್ನೂ ಬೇಕೇ, ಕೆಲವು ದಿನ ಬಿಟ್ಟು ನೋಡಬಹುದೇ ಎಂದು ವರ್ಷಕ್ಕೊಮ್ಮೆಯಾದರೂ ಕೇಳಿ.